ಪಿಚಿಯಾ ಬ್ಯಾಚಿನಲ್ಲಿ ಗ್ಲಿಸರಾಲ್ ರೀಡಿಂಗ್ ನಂಬುವಂತಿಲ್ಲವೇ? ದೋಷ ಹುಡುಕುವ ಬಗೆ

ಪಿಚಿಯಾ ಎಂಬ ಯೀಸ್ಟನ್ನು ಮೊದಲು ಗ್ಲಿಸರಾಲಿನಲ್ಲಿ ಬೆಳೆಸಿ, ಅದು ಮುಗಿದ ಮೇಲೆ ಮೆಥನಾಲ್ ಕೊಟ್ಟು ನಮಗೆ ಬೇಕಾದ ಪ್ರೋಟೀನ್ ಮಾಡಿಸುತ್ತೇವೆ. ಈಗ ಫರ್ಮೆಂಟರಿನಲ್ಲಿ, ಅಂದರೆ ಯೀಸ್ಟ್ ಬೆಳೆಸುವ ಟ್ಯಾಂಕಿನಲ್ಲಿ, ಕರಗಿದ ಆಮ್ಲಜನಕದ ಮಟ್ಟ (ಡಿಒ) ಏಕಾಏಕಿ ಮೇಲೇರಿದೆ. ಗ್ಲಿಸರಾಲ್ ಮುಗಿದಾಗ ಹೀಗಾಗುತ್ತದೆ. ಆದರೆ ಅದೇ ಹೊತ್ತಿನ ಸ್ಯಾಂಪಲ್ ಅಳೆದರೆ ಲೀಟರಿಗೆ 5 ಗ್ರಾಂ ಗ್ಲಿಸರಾಲ್ ಉಳಿದಿದೆ ಎಂದು ಬರುತ್ತಿದೆ. ಅಥವಾ ಇದಕ್ಕೆ ಉಲ್ಟಾ: ಲ್ಯಾಬ್ ಸೊನ್ನೆ ಎನ್ನುತ್ತಿದೆ, ಟ್ಯಾಂಕಿನಲ್ಲಿ ಡಿಒ ಅಲುಗಾಡುತ್ತಿಲ್ಲ. ಈಗ ಮೆಥನಾಲ್ ಶುರು ಮಾಡಬೇಕೋ ಬೇಡವೋ?

ಗ್ಲಿಸರಾಲ್ ಇರುವಾಗಲೇ ಮೆಥನಾಲ್ ಕೊಟ್ಟರೆ ಪಿಚಿಯಾ ಅದನ್ನು ತಿನ್ನುವುದಿಲ್ಲ. ಮೆಥನಾಲ್ ತಿನ್ನುವ ಜೀನಿನ ಸ್ವಿಚ್ಚಾದ ಎಒಎಕ್ಸ್1 ಪ್ರಮೋಟರನ್ನು ಗ್ಲಿಸರಾಲ್ ಒತ್ತಿ ಹಿಡಿದಿರುತ್ತದೆ. ಮೆಥನಾಲ್ ಶೇಖರವಾಗುತ್ತಾ ಹೋಗುತ್ತದೆ, ಲೀಟರಿಗೆ ಕೆಲವೇ ಗ್ರಾಂ ದಾಟಿದರೂ ಕೋಶಗಳಿಗೆ ವಿಷ. ಹಾಗಾಗಿ ಈ ಒಂದು ಸಂಖ್ಯೆಯ ಮೇಲೆ ಇಡೀ ಬ್ಯಾಚ್ ನಿಂತಿರುತ್ತದೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ತಂದ ಹೆಪಟೈಟಿಸ್-ಬಿ ಲಸಿಕೆ, ಬೆಂಗಳೂರಿನ ಬಯೋಕಾನ್ ತಯಾರಿಸುವ ಇನ್ಸುಲಿನ್, ಎರಡಕ್ಕೂ ಪಿಚಿಯಾವೇ ಆಧಾರ. ನಮ್ಮ ಕಡೆ ಈ ಯೀಸ್ಟ್ ಜೊತೆ ಕೆಲಸ ಮಾಡುವವರು ಬಹಳ ಜನ ಇದ್ದಾರೆ. ಅದಕ್ಕೇ ಇಲ್ಲಿ ಪಿಚಿಯಾವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಅಳತೆಯ ಬಗ್ಗೆ ಹೇಳುವ ಹೆಚ್ಚಿನ ಮಾತು ಇ. ಕೋಲಿಗೂ ಬೇಕರಿ ಯೀಸ್ಟಿಗೂ ಅನ್ವಯಿಸುತ್ತದೆ.

ತಪ್ಪು ಮೂರು ಕಡೆ ಇರಬಹುದು: ಟ್ಯಾಂಕಿನಲ್ಲಿ, ಟ್ಯಾಂಕಿನಿಂದ ಲ್ಯಾಬಿಗೆ ಬರುವ ದಾರಿಯಲ್ಲಿ, ಇಲ್ಲವೇ ಅಳೆಯುವ ವಿಧಾನದಲ್ಲಿ. ಎಲ್ಲಿ ಎಂದು ಗೊತ್ತಾಗುವ ತನಕ ಫೀಡಿಗೆ, ಅಂದರೆ ಟ್ಯಾಂಕಿಗೆ ಪಂಪ್ ಮಾಡುವ ಆಹಾರಕ್ಕೆ, ಕೈ ಹಾಕಬೇಡಿ.

ಆ ಸಂಖ್ಯೆ ಸಾಧ್ಯವೇ?

ಉಪಕರಣ ಬಿಚ್ಚುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿ. ಪಿಚಿಯಾ ಬೆಳೆಸುವ ಬೇಸಲ್ ಸಾಲ್ಟ್ಸ್ ಮೀಡಿಯಂ ಎಂಬ ದ್ರಾವಣದಲ್ಲಿ ಸಾಮಾನ್ಯವಾಗಿ ಲೀಟರಿಗೆ 40 ಗ್ರಾಂ ಗ್ಲಿಸರಾಲ್ ಇರುತ್ತದೆ. ಒಂದು ಗ್ರಾಂ ಗ್ಲಿಸರಾಲಿನಿಂದ ಸುಮಾರು ಅರ್ಧ ಗ್ರಾಂ ಒಣ ಕೋಶ ಬರುತ್ತದೆ. ಅಂದರೆ ಬ್ಯಾಚ್ ಕೊನೆಗೆ ಲೀಟರಿಗೆ 20 ಗ್ರಾಂ ಅಥವಾ ಸ್ವಲ್ಪ ಜಾಸ್ತಿ ಒಣ ತೂಕ. ಹಸಿ ತೂಕದಲ್ಲಿ ಹೇಳುವುದಾದರೆ 90ರಿಂದ 150 ಗ್ರಾಂ. ನಿಮ್ಮ ಒಣ ತೂಕ ಈಗಾಗಲೇ 22 ಗ್ರಾಂ ಮುಟ್ಟಿದೆ, ಆದರೂ 12 ಗ್ರಾಂ ಗ್ಲಿಸರಾಲ್ ಉಳಿದಿದೆ ಎಂದು ರೀಡಿಂಗ್ ಬಂದರೆ ಕೋಶಗಳು ಗಾಳಿಯಿಂದ ಬೆಳೆದಿರಬೇಕು! ಅಂಥ ಕಡೆ ಅಳತೆಯನ್ನೇ ಅನುಮಾನಿಸಿ.

ಶುರುವಿನ ಸ್ಯಾಂಪಲ್, ಅಂದರೆ ಬೀಜ ಹಾಕಿದ ಕೂಡಲೇ ತೆಗೆದದ್ದು, ಬಹಳ ಉಪಯೋಗಕ್ಕೆ ಬರುತ್ತದೆ. ಅದು 40ರ ಹತ್ತಿರ ಬರಲೇಬೇಕು. 50 ಬಂದರೆ ಮೊದಲು ಮೀಡಿಯಂ ಮಾಡಿದವರನ್ನು ಕೇಳಿ: ತೂಗಿದಿರಾ, ಸಿಲಿಂಡರಿನಲ್ಲಿ ಅಳೆದಿರಾ? ಗ್ಲಿಸರಾಲಿನ ಸಾಂದ್ರತೆ 1.26. 40 ಮಿಲಿ ಸುರಿದರೆ 50 ಗ್ರಾಂ ಆಯಿತು. 35 ಬಂದರೆ ಬಾಟಲಿಯ ಲೇಬಲ್ ನೋಡಿ. ಶೇ. 86–88ರ ಗ್ಲಿಸರಾಲ್ ಕೂಡ ಮಾರುಕಟ್ಟೆಯಲ್ಲಿದೆ, ಅದನ್ನು ಶೇ. 99 ಎಂದುಕೊಂಡು ತೂಗಿದರೆ ಸರಿಯಾಗಿ ಇಷ್ಟೇ ಕಮ್ಮಿ ಬರುತ್ತದೆ. ಪಿಪೆಟ್ಟಿನಲ್ಲಿ ಎಳೆದಿದ್ದರೂ ಕಮ್ಮಿಯಾಗುತ್ತದೆ, ಗೋಡೆಗೆ ಅಂಟಿದ್ದು ಅಲ್ಲೇ ಉಳಿಯುತ್ತದೆ. ಫೀಡಿನ ಶೇ. 50 ಗ್ಲಿಸರಾಲಿನಲ್ಲೂ ಇದೇ ಗೊಂದಲ. ಅದು ಲೀಟರಿಗೆ 500 ಗ್ರಾಮೋ ಅಥವಾ ಕಿಲೋಗೆ 500 ಗ್ರಾಮೋ ಎಂದು ಬ್ಯಾಚ್ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿರಲಿ.

ಟ್ಯಾಂಕನ್ನೇ ಕೇಳುವುದು

ಡಿಒ ಏರಿದ್ದಕ್ಕೆ ಗ್ಲಿಸರಾಲ್ ಮುಗಿದದ್ದೇ ಕಾರಣ ಎಂದು ಹೇಳಲಾಗದು. ಟ್ರೇಸ್ ಮೆಟಲ್ ದ್ರಾವಣ ಹಾಕಲು ಮರೆತಿದ್ದರೆ, ಅಮೋನಿಯಾ ಬಾಟಲಿ ಖಾಲಿಯಾಗಿ ಪಿಎಚ್ ಕುಸಿದಿದ್ದರೆ, ಆಗಲೂ ಕೋಶಗಳು ಉಸಿರಾಟ ಕಮ್ಮಿ ಮಾಡುತ್ತವೆ. ಆಗ ಏರಿಕೆ ನಿಧಾನ. ಗ್ಲಿಸರಾಲ್ ಮುಗಿದಾಗ ಮಾತ್ರ ಡಿಒ ಗೆರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ.

ಖಚಿತ ಮಾಡಿಕೊಳ್ಳಲು ಸುಲಭದ ದಾರಿ ಇದೆ. ಲೀಟರಿಗೆ 1 ಗ್ರಾಂ ಆಗುವಷ್ಟು ಗ್ಲಿಸರಾಲ್ ಒಂದೇ ಸಲ ಹಾಕಿ. ಡಿಒ ಕೂಡಲೇ ಬಿದ್ದು, ಅದು ಮುಗಿದ ಮೇಲೆ ಮತ್ತೆ ಜಿಗಿದರೆ ಕೊರತೆ ಇದ್ದದ್ದು ಗ್ಲಿಸರಾಲಿನದೇ. ಏನೂ ಆಗದಿದ್ದರೆ ಕೊರತೆ ಬೇರೆಯದು, ಲ್ಯಾಬಿನ 5 ಗ್ರಾಂ ನಿಜವೇ ಇರಬಹುದು. ಫೀಡ್ ಹಂತದಲ್ಲಿ ಇದನ್ನೇ ತಿರುಗಿಸಿ ಮಾಡಿ: ಪಂಪ್ ನಿಲ್ಲಿಸಿ ನೋಡಿ. ಸುಮಾರು ಒಂದು ನಿಮಿಷದಲ್ಲಿ ಡಿಒ ಏರಿದರೆ ಗ್ಲಿಸರಾಲ್ ಕೂಡಿಲ್ಲ. ಹಲವು ನಿಮಿಷ ಸುಮ್ನೆ ಇದ್ದರೆ ತೊಟ್ಟಿಯಲ್ಲಿ ಗ್ಲಿಸರಾಲ್ ಕೂಡಿದೆ.

ಒಂದು ಮಾತು ಮರೆಯಬೇಡಿ. ಡಿಒವನ್ನು ಒಂದೇ ಮಟ್ಟದಲ್ಲಿಡಲು ಕಂಟ್ರೋಲರು ಕಲಕುವ ವೇಗವನ್ನು ತಾನೇ ಏರಿಳಿಸುತ್ತಿದ್ದರೆ ಡಿಒ ಗೆರೆ ಜಿಗಿಯದೇ ಇರಬಹುದು. ಆಗ ಆರ್‌ಪಿಎಂ ಗೆರೆ ನೋಡಿ. ಅದು ದಿಢೀರ್ ಇಳಿದ ಜಾಗವೇ ನಿಮ್ಮ ಸೂಚನೆ.

ಸ್ಯಾಂಪಲ್ ದಾರಿಯಲ್ಲಿ ಕೆಡುವುದು

ಸ್ಯಾಂಪಲ್ ಪೈಪಿನಲ್ಲಿ ಹಿಂದಿನ ಸಲದ ಬ್ರಾತ್, ಅಂದರೆ ಕೋಶಗಳಿರುವ ಟ್ಯಾಂಕಿನ ದ್ರವ, ನಿಂತಿರುತ್ತದೆ. ಉಗಿ ಹಾಯಿಸಿದ್ದರೆ ನೀರೂ ಇರುತ್ತದೆ. ಪೈಪ್ ಹಿಡಿಯುವಷ್ಟು ಪ್ರಮಾಣಕ್ಕಿಂತ ಹೆಚ್ಚು ಚೆಲ್ಲಿ, ಆಮೇಲೆ ಹಿಡಿಯಿರಿ.

ಹೊರಗೆ ಬಂದ ಕೋಶ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಬ್ಯಾಚ್ ಕೊನೆಯಲ್ಲಿ 20 ಗ್ರಾಂ ಒಣ ತೂಕದ ಪಿಚಿಯಾ ಪೂರ್ತಿ ವೇಗದಲ್ಲಿ ಲೀಟರಿಗೆ ಗಂಟೆಗೆ 7–8 ಗ್ರಾಂ ಗ್ಲಿಸರಾಲ್ ತಿನ್ನಬಲ್ಲದು, ಅಂದರೆ ನಿಮಿಷಕ್ಕೆ 0.12 ಗ್ರಾಮಿನಷ್ಟು. ಟ್ಯೂಬಿನಲ್ಲಿ ಆಮ್ಲಜನಕ ಬೇಗ ಮುಗಿದು ಈ ವೇಗ ತಗ್ಗುತ್ತದೆ ನಿಜ. ಆದರೆ ಉಳಿದಿರುವುದೇ ಅರ್ಧ ಗ್ರಾಂ ಆದಾಗ, ಟ್ಯೂಬನ್ನು ಬೆಂಚಿನ ಮೇಲಿಟ್ಟು ಫೋನ್ ಮುಗಿಸಿ ಬಂದರೆ ಅದೂ ಇರುವುದಿಲ್ಲ. ಟ್ಯೂಬನ್ನು ಐಸಿನಲ್ಲಿ ಹಿಡಿಯಿರಿ, ತಕ್ಷಣ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಬೇರೆ ಟ್ಯೂಬಿಗೆ ತೆಗೆಯಿರಿ. ತಿಳಿಯನ್ನು ಮುಚ್ಚಳ ಹಾಕಿ 80 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ ಉಳಿದ ಎಂಜೈಮುಗಳೂ ಸುಮ್ಮನಾಗುತ್ತವೆ. ಕೋಶ ಇರುವಾಗಲೇ ಬಿಸಿ ಮಾಡಬೇಡಿ, ಅವು ಒಡೆದು ಒಳಗಿನದ್ದೆಲ್ಲ ಹೊರಗೆ ಬರುತ್ತದೆ.

ಫ್ರೀಜರಿನಿಂದ ತೆಗೆದ ಸ್ಯಾಂಪಲನ್ನು ಕರಗಿದ ಮೇಲೆ ಚೆನ್ನಾಗಿ ವೋರ್ಟೆಕ್ಸ್ ಮಾಡಿ. ಹೆಪ್ಪುಗಟ್ಟಿ ಕರಗುವಾಗ ಗ್ಲಿಸರಾಲ್ ತಳಕ್ಕೆ ಇಳಿದಿರುತ್ತದೆ. ಮೇಲಿನಿಂದ ಪಿಪೆಟ್ ಮಾಡಿದರೆ ಕಮ್ಮಿ, ತಳದಿಂದ ಮಾಡಿದರೆ ಜಾಸ್ತಿ. ಒಂದೇ ಟ್ಯೂಬಿನ ಎರಡು ರೀಡಿಂಗ್ ಹೊಂದದಿದ್ದರೆ ನಾನು ಮೊದಲು ಕೇಳುವ ಪ್ರಶ್ನೆ ಇದು.

ಸೊನ್ನೆ ಇರಬೇಕಾದಲ್ಲಿ ಗ್ಲಿಸರಾಲ್ ಬರುತ್ತಿದೆ

ನನ್ನ ಮಟ್ಟಿಗೆ ಅತಿ ಹೆಚ್ಚು ಹೊತ್ತು ಹಾಳು ಮಾಡುವ ದೋಷ ಇದೇ. ಗ್ಲಿಸರಾಲ್ ಲ್ಯಾಬಿನಲ್ಲಿ ಎಲ್ಲ ಕಡೆ ಇದೆ, ಅದನ್ನು ನಾವು ಗಮನಿಸುವುದಿಲ್ಲ.

ಫಿಲ್ಟರಿನಿಂದ ಶುರು ಮಾಡಿ. ಹಲವು ಸೆಲ್ಯುಲೋಸ್ ಪೊರೆಗಳು ಒಣಗಿ ಬಿರಿಯದಿರಲಿ ಎಂದು ಗ್ಲಿಸರಿನ್ ಸವರಿಯೇ ಬರುತ್ತವೆ. ಪ್ರೋಟೀನ್ ತೆಗೆಯಲು ಬಳಸುವ ಅಲ್ಟ್ರಾಫಿಲ್ಟ್ರೇಷನ್ ಟ್ಯೂಬುಗಳು, ಡಯಾಲಿಸಿಸ್ ಟ್ಯೂಬಿಂಗ್, ಎರಡರಲ್ಲೂ ಇದು ಇರುತ್ತದೆ. ಪರೀಕ್ಷೆ ಸುಲಭ: ಶುದ್ಧ ನೀರನ್ನು ಅದೇ ಫಿಲ್ಟರಿನಲ್ಲಿ ಹಾಯಿಸಿ, ಸ್ಯಾಂಪಲ್ ಎಂದುಕೊಂಡೇ ಅಳೆಯಿರಿ. ರೀಡಿಂಗ್ ಬಂದರೆ ಕಳ್ಳ ಸಿಕ್ಕ. ಟ್ಯೂಬನ್ನು ನೀರಿನಲ್ಲಿ ಎರಡು ಮೂರು ಸಲ ತೊಳೆದು ಬಳಸಿ, ಅಥವಾ ಗ್ಲಿಸರಿನ್ ಇಲ್ಲದ ಫಿಲ್ಟರಿಗೆ ಬದಲಿಸಿ.

ಆಮೇಲೆ ಎಂಜೈಮ್. ಅನೇಕ ಎಂಜೈಮುಗಳು ಶೇ. 50 ಗ್ಲಿಸರಾಲಿನಲ್ಲೇ ಕರಗಿಸಿ ಬರುತ್ತವೆ. ಕಿಟ್ ಬದಲು ಬಿಡಿ ಬಿಡಿಯಾಗಿ ಕೊಂಡು ಅಸ್ಸೇ (ಅಳೆಯುವ ಪರೀಕ್ಷೆ) ಕಟ್ಟುವವರು ಇದನ್ನು ನೋಡಲೇಬೇಕು. ಗ್ಲಿಸರಾಲ್ ಅಳೆಯಲು ಗ್ಲಿಸರಾಲಿನಲ್ಲಿರುವ ಎಂಜೈಮ್ ಹಾಕಿದರೆ ಸ್ಯಾಂಪಲ್ ಇಲ್ಲದ ಬ್ಲ್ಯಾಂಕೇ ಆಕಾಶಕ್ಕೆ ಹೋಗುತ್ತದೆ. ಅಮೋನಿಯಂ ಸಲ್ಫೇಟಿನಲ್ಲಿ ಇರುವುದನ್ನೋ ಒಣಗಿಸಿದ ಪುಡಿಯನ್ನೋ ಕೇಳಿ ಪಡೆಯಿರಿ.

ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಶೇ. 1.45 ಗ್ಲಿಸರಾಲ್ ಇದೆ, ಜೊತೆಗೆ ಶೇ. 0.125 ಹೈಡ್ರೋಜನ್ ಪೆರಾಕ್ಸೈಡ್. ಗ್ಲೌಸಿಗೆ ಸಿಂಪಡಿಸಿಕೊಂಡು ಟ್ಯೂಬಿನ ಬಾಯಿ ಮುಟ್ಟಿದರೆ, ಮುಂದೆ ಹೇಳುವ ಬಣ್ಣದ ಅಸ್ಸೇಗೆ ಎರಡೂ ತೊಂದರೆ ಕೊಡುತ್ತವೆ.

ಸೀಡ್ ವಯಲನ್ನೂ, ಅಂದರೆ ಬೀಜದ ಕಲ್ಚರ್ ಇಟ್ಟ ಸೀಸೆಯನ್ನೂ, ಲೆಕ್ಕಕ್ಕೆ ಹಿಡಿಯಿರಿ. ಶೇ. 20 ಗ್ಲಿಸರಾಲಿನಲ್ಲಿಟ್ಟ 1 ಮಿಲಿ ಕಲ್ಚರ್ 100 ಮಿಲಿ ಫ್ಲಾಸ್ಕಿಗೆ ಹೋದರೆ ಲೀಟರಿಗೆ 2 ಗ್ರಾಂ ಅಲ್ಲಿಂದಲೇ ಬಂತು. ಗ್ಲೂಕೋಸಿನಲ್ಲಿ ಬೆಳೆಸಿದ ಯೀಸ್ಟ್ ಎಷ್ಟು ಗ್ಲಿಸರಾಲ್ ಮಾಡುತ್ತದೆ ಎಂದು ಅಳೆಯುವವರಿಗೆ ಇದು ದೊಡ್ಡ ಸಂಖ್ಯೆ, ಅಲ್ವಾ?

ಯಾವ ವಿಧಾನವಿದ್ದರೂ ಮಾಡಬೇಕಾದ ಎರಡು ಪರೀಕ್ಷೆ

ಒಂದೇ ಸ್ಯಾಂಪಲನ್ನು 50, 100, 200 ಪಟ್ಟು ತೆಳು ಮಾಡಿ ಅಳೆಯಿರಿ. ಗುಣಿಸಿದ ಮೇಲೆ ಮೂರೂ ಒಂದೇ ಉತ್ತರ ಕೊಡಬೇಕು. ತೆಳುವಾದಷ್ಟೂ ಉತ್ತರ ಏರುತ್ತಾ ಹೋದರೆ ಎರಡರಲ್ಲೊಂದು: ಸ್ಯಾಂಪಲಿನಲ್ಲಿ ಏನೋ ಅಸ್ಸೇಯನ್ನು ತಡೆಯುತ್ತಿದೆ, ಇಲ್ಲವೇ ಕಮ್ಮಿ ತೆಳು ಮಾಡಿದ್ದು ಅಸ್ಸೇಯ ಮಿತಿ ಮೀರಿದೆ.

ಇನ್ನೊಂದು, ಸ್ಯಾಂಪಲಿಗೆ ಗೊತ್ತಿರುವಷ್ಟು ಗ್ಲಿಸರಾಲ್ ಬೆರೆಸಿ ಅಳೆಯುವುದು. 5 ಬಂದ ಸ್ಯಾಂಪಲಿಗೆ 5 ಸೇರಿಸಿದರೆ 10ರ ಆಸುಪಾಸು ಬರಬೇಕು. 7 ಬಂದರೆ ಸೇರಿಸಿದ 5ರಲ್ಲಿ 3 ಎಲ್ಲೋ ಕಳೆದುಹೋಗಿದೆ, ಆ ಮೊದಲಿನ 5ನ್ನೂ ನಂಬುವಂತಿಲ್ಲ. ಆದರೆ ಸರಿಯಾಗಿ 10 ಬಂದರೂ ಪೂರ್ತಿ ನಿರಾಳವಾಗಬೇಡಿ. ಬೇರೊಂದು ವಸ್ತು ಗ್ಲಿಸರಾಲಿನ ವೇಷದಲ್ಲಿ ಬಂದಿದ್ದರೆ ಈ ಪರೀಕ್ಷೆಗೆ ಅದು ಸಿಗುವುದಿಲ್ಲ.

ಎಂಜೈಮ್ ವಿಧಾನದ ಕಾಯಿಲೆಗಳು

ಹೆಚ್ಚಿನ ಎಂಜೈಮ್ ಕಿಟ್ಟುಗಳು ಗ್ಲಿಸರಾಲ್ ಕೈನೇಸ್ ಎಂಬ ಎಂಜೈಮಿನಿಂದ ಶುರುವಾಗುತ್ತವೆ. ಅದು ಎಟಿಪಿ ಬಳಸಿ ಎಡಿಪಿ ಮಾಡುತ್ತದೆ. ಅಲ್ಲಿಂದ ಎರಡು ದಾರಿ. ಒಂದರಲ್ಲಿ, ಆ ಎಡಿಪಿಗೆ ತಕ್ಕಂತೆ ಎನ್‌ಎಡಿಎಚ್ ಎಂಬ ವಸ್ತು ಖರ್ಚಾಗುವುದನ್ನು 340 ನ್ಯಾನೋಮೀಟರಿನ ಬೆಳಕಿನಲ್ಲಿ ನೋಡುತ್ತೇವೆ. ಇನ್ನೊಂದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ, ಪೆರಾಕ್ಸಿಡೇಸ್ ಸಹಾಯದಿಂದ ಬಣ್ಣ ಬರುತ್ತದೆ.

340ರ ವಿಧಾನದಲ್ಲಿ ಬೇರೆ ಬೇರೆ ಹೊತ್ತಿನ ಸ್ಯಾಂಪಲುಗಳೆಲ್ಲ ಒಂದೇ ಸಂಖ್ಯೆ ಕೊಡುತ್ತಿವೆಯೇ? ಎನ್‌ಎಡಿಎಚ್ ಪೂರ್ತಿ ಖರ್ಚಾಗಿದೆ. ಒಂದು ಅಣು ಗ್ಲಿಸರಾಲಿಗೆ ಒಂದು ಅಣು ಎನ್‌ಎಡಿಎಚ್ ಬೇಕು. ಕ್ಯುವೆಟಿನಲ್ಲಿ 0.2 ಮಿಲಿಮೋಲಾರ್ ಎನ್‌ಎಡಿಎಚ್ ಇದ್ದರೆ ಅಬ್ಸಾರ್ಬೆನ್ಸ್ (ಬೆಳಕು ಹೀರುವ ಪ್ರಮಾಣ) ಸುಮಾರು 1.24. ಅದು ಲೀಟರಿಗೆ 18 ಮಿಲಿಗ್ರಾಂ ಗ್ಲಿಸರಾಲಿಗಷ್ಟೇ ಸಾಕು. 3 ಮಿಲಿ ಕ್ಯುವೆಟಿಗೆ 0.1 ಮಿಲಿ ಸ್ಯಾಂಪಲ್ ಹಾಕಿದರೆ, ಆ ಸ್ಯಾಂಪಲಿನಲ್ಲಿ ಲೀಟರಿಗೆ 0.55 ಗ್ರಾಮಿಗಿಂತ ಜಾಸ್ತಿ ಇರಕೂಡದು. 40 ಗ್ರಾಮಿನ ಬ್ರಾತನ್ನು ಕಡಿಮೆ ಎಂದರೂ 100 ಪಟ್ಟು ತೆಳು ಮಾಡಲೇಬೇಕು.

ಅಬ್ಸಾರ್ಬೆನ್ಸ್ ಒಂದು ಕಡೆ ನಿಲ್ಲದೆ ನಿಧಾನವಾಗಿ ಇಳಿಯುತ್ತಲೇ ಇದ್ದರೆ, ಒಡೆದ ಕೋಶಗಳಿಂದ ಎಟಿಪಿ ಒಡೆಯುವ ಎಂಜೈಮುಗಳು ಬಂದಿರಬಹುದು. ಅವು ಎಡಿಪಿ ಮಾಡುತ್ತವೆ, ಅಸ್ಸೇ ಅದನ್ನು ಗ್ಲಿಸರಾಲ್ ಎಂದೇ ಲೆಕ್ಕ ಹಾಕುತ್ತದೆ. ಗ್ಲಿಸರಾಲ್ ಕೈನೇಸ್ ಹಾಕದೆ ಅದೇ ಸ್ಯಾಂಪಲ್ ಓಡಿಸಿ. ಆಗಲೂ ಇಳಿದರೆ ಸಂಶಯ ಬೇಡ. 80 ಡಿಗ್ರಿಯ ಬಿಸಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿಕ್ರಿಯೆ ಶುರುವಾಗುವುದೇ ಇಲ್ಲ ಎಂದಾದರೆ ಸ್ಯಾಂಪಲಿಗೆ ಇಡಿಟಿಎ ಹಾಕಿದ್ದೀರಾ ನೋಡಿ. ಕೈನೇಸಿಗೆ ಮೆಗ್ನೀಸಿಯಂ ಬೇಕು, ಇಡಿಟಿಎ ಅದನ್ನು ಕಟ್ಟಿಹಾಕುತ್ತದೆ.

ಬಣ್ಣದ ವಿಧಾನ ಪಿಚಿಯಾಕ್ಕೆ ಒಂದು ವಿಶೇಷ ತೊಂದರೆ ಕೊಡುತ್ತದೆ. ಮೆಥನಾಲಿನಲ್ಲಿ ಬೆಳೆದ ಪಿಚಿಯಾ ತುಂಬ ಕ್ಯಾಟಲೇಸ್ ಇಟ್ಟುಕೊಂಡಿರುತ್ತದೆ. ಮೆಥನಾಲ್ ಸುಡುವಾಗ ಹುಟ್ಟುವ ಪೆರಾಕ್ಸೈಡನ್ನು ಒಡೆಯಲು ಅದಕ್ಕೆ ಅದು ಬೇಕು. ಕೆಲವು ಕೋಶ ಒಡೆದರೂ ಈ ಕ್ಯಾಟಲೇಸ್ ತಿಳಿಗೆ ಬಂದು, ಅಸ್ಸೇಯ ಪೆರಾಕ್ಸೈಡನ್ನೂ ಒಡೆದುಹಾಕುತ್ತದೆ. ರೀಡಿಂಗ್ ಕಮ್ಮಿ ಬರುತ್ತದೆ. ಬ್ಯಾಚ್ ಹಂತದಲ್ಲಿ ಸರಿಯಿದ್ದ ಅಸ್ಸೇ ಮೆಥನಾಲ್ ಹಂತದಲ್ಲಿ ಕೈಕೊಟ್ಟರೆ ಇದನ್ನು ಮೊದಲು ನೋಡಿ. ಕೋಶದ ಚಟುವಟಿಕೆ ನಿಲ್ಲಿಸಲೆಂದು ಸೋಡಿಯಂ ಅಜೈಡ್ ಹಾಕುವ ಅಭ್ಯಾಸ ಕೆಲವರಿಗಿದೆ. ಅಜೈಡ್ ಪೆರಾಕ್ಸಿಡೇಸನ್ನೇ ಕೆಡಿಸುತ್ತದೆ. ಈ ವಿಧಾನದಲ್ಲಿ ಅದು ಬೇಡವೇ ಬೇಡ.

ಕಿಟ್ ದುಬಾರಿ ಎಂದು ರಕ್ತ ಪರೀಕ್ಷೆಯ ಟ್ರೈಗ್ಲಿಸರೈಡ್ ಕಿಟ್ ಬಳಸುವವರಿದ್ದಾರೆ. ತಪ್ಪೇನಿಲ್ಲ, ಒಳಗಿನ ರಸಾಯನಶಾಸ್ತ್ರ ಅದೇ. ಆದರೆ ಅದರ ಸ್ಟ್ಯಾಂಡರ್ಡ್ ಟ್ರೈಗ್ಲಿಸರೈಡ್ ಲೆಕ್ಕದಲ್ಲಿರುತ್ತದೆ. ಡೆಸಿಲೀಟರಿಗೆ 200 ಮಿಲಿಗ್ರಾಂ ಎಂದು ಬರೆದಿದ್ದರೆ, ಗ್ಲಿಸರಾಲ್ ಲೆಕ್ಕದಲ್ಲಿ ಅದು ಲೀಟರಿಗೆ 0.208 ಗ್ರಾಂ ಮಾತ್ರ. ಅದನ್ನು 2 ಗ್ರಾಂ ಎಂದು ಹಾಕಿಕೊಂಡರೆ ಉತ್ತರ 9.6 ಪಟ್ಟು ಹೆಚ್ಚು ಬರುತ್ತದೆ. ನಿಮ್ಮ ರೀಡಿಂಗ್ ಹತ್ತಿರ ಹತ್ತಿರ ಹತ್ತು ಪಟ್ಟು ಜಾಸ್ತಿ ಇದೆಯೇ? ಇಲ್ಲಿ ನೋಡಿ. ಸ್ವಂತ ಗ್ಲಿಸರಾಲ್ ಸ್ಟ್ಯಾಂಡರ್ಡ್ ತೂಗಿ ಮಾಡಿಕೊಂಡರೆ ಈ ಗೋಜೇ ಇಲ್ಲ. ಇನ್ನೊಂದು: ಈ ಕಿಟ್ಟಿನಲ್ಲಿ ಕೊಬ್ಬು ಒಡೆಯುವ ಲೈಪೇಸ್ ಎಂಜೈಮ್ ಇರುತ್ತದೆ. ಬಯೋಡೀಸೆಲ್ ಘಟಕದ ಕಚ್ಚಾ ಗ್ಲಿಸರಾಲ್ ಬಳಸುವವರಿಗೆ ಅದರಲ್ಲಿ ಉಳಿದ ಎಣ್ಣೆಯಂಶವೂ ಗ್ಲಿಸರಾಲ್ ಆಗಿಯೇ ಕಾಣುತ್ತದೆ.

ಪೀರಿಯೋಡೇಟ್ ವಿಧಾನ

ಅಗ್ಗ, ಬೇಗ ಆಗುತ್ತದೆ. ಪೀರಿಯೋಡೇಟ್ ಗ್ಲಿಸರಾಲನ್ನು ಒಡೆದು ಫಾರ್ಮಾಲ್ಡಿಹೈಡ್ ಕೊಡುತ್ತದೆ, ಅದು ಅಸಿಟೈಲ್‌ಅಸಿಟೋನ್ ಜೊತೆ ಹಳದಿಯಾಗುತ್ತದೆ, 410ರ ಸುಮಾರಿಗೆ ಓದುತ್ತೇವೆ. ಆದರೆ ಈ ವಿಧಾನಕ್ಕೆ ಗ್ಲಿಸರಾಲಿನ ಗುರುತೇ ಇಲ್ಲ. ಅಕ್ಕಪಕ್ಕದ ಕಾರ್ಬನ್ನುಗಳಲ್ಲಿ ಹೈಡ್ರಾಕ್ಸಿಲ್ ಇದ್ದರೆ ಅದನ್ನೂ ಕತ್ತರಿಸುತ್ತದೆ. ಮೆಥನಾಲ್ ಜೊತೆ ಸಾರ್ಬಿಟಾಲ್ ಕೊಡುವ ಬ್ಯಾಚಿನಲ್ಲಿ ಇದನ್ನು ಬಳಸಲೇಬೇಡಿ. ಆಮ್ಲಜನಕ ಸಾಲದೆ ಹೋದಾಗ ಪಿಚಿಯಾ ಅರಾಬಿಟಾಲ್ ಹೊರಬಿಡುತ್ತದೆ, ಅದೂ ಉಳಿದ ಗ್ಲಿಸರಾಲ್ ಎಂದೇ ಕಾಣುತ್ತದೆ. ಜಾಕೆಟಿನಲ್ಲಿ ಗ್ಲೈಕಾಲ್ ಓಡಿಸುವ ಚಿಲ್ಲರಿದ್ದು, ರೀಡಿಂಗ್ ಕಾರಣವಿಲ್ಲದೆ ದಿನೇ ದಿನೇ ಏರುತ್ತಿದ್ದರೆ ಸೋರಿಕೆ ಹುಡುಕಿ.

ಮೆಥನಾಲ್ ಹಂತದಲ್ಲಿ ಬ್ರಾತಿನಲ್ಲೇ ಸ್ವಲ್ಪ ಫಾರ್ಮಾಲ್ಡಿಹೈಡ್ ಇರಬಹುದು. ಪೀರಿಯೋಡೇಟ್ ಹಾಕದ ಬ್ಲ್ಯಾಂಕ್ ಇಟ್ಟು ಕಳೆಯಿರಿ. ಮೆಥನಾಲ್, ಎಥನಾಲ್, 1,3-ಪ್ರೊಪೇನ್‌ಡಯಾಲ್ ಮಾತ್ರ ಇಲ್ಲಿ ತೊಂದರೆ ಕೊಡುವುದಿಲ್ಲ.

ಎಚ್‌ಪಿಎಲ್‌ಸಿ

ವಸ್ತುಗಳನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಒಂದೊಂದಾಗಿ ಅಳೆಯುವ ವಿಧಾನ ಇದು. ಮೂರೂ ವಿಧಾನಗಳಲ್ಲಿ ನಾನು ನಂಬುವುದು ಇದನ್ನು. ಅಮಿನೆಕ್ಸ್ ಎಚ್‌ಪಿಎಕ್ಸ್-87ಎಚ್ ಕಾಲಂ, 5 ಮಿಲಿಮೋಲಾರ್ ಸಲ್ಫ್ಯೂರಿಕ್ ಆಮ್ಲ, ನಿಮಿಷಕ್ಕೆ 0.6 ಮಿಲಿ, ಆರ್‌ಐ (ವಕ್ರೀಭವನ ಅಳೆಯುವ) ಡಿಟೆಕ್ಟರ್. ಗ್ಲಿಸರಾಲ್ 13 ನಿಮಿಷದ ಆಚೀಚೆ ಬರುತ್ತದೆ. ಅದರ ಬೆನ್ನಿಗೇ ಫಾರ್ಮಿಕ್ ಆಮ್ಲವೂ ಬರುತ್ತದೆ. ಇ. ಕೋಲಿ ಆಮ್ಲಜನಕವಿಲ್ಲದೆ ಬೆಳೆದಾಗ ಫಾರ್ಮಿಕ್ ಆಮ್ಲ ಧಾರಾಳವಾಗಿ ಮಾಡುತ್ತದೆ, ಎರಡು ಪೀಕ್ ಒಂದಾಗಿ ಗ್ಲಿಸರಾಲ್ ದಪ್ಪಗೆ ಕಾಣುತ್ತದೆ. 210 ನ್ಯಾನೋಮೀಟರಿನ ಯುವಿ ಡಿಟೆಕ್ಟರ್ ಜೊತೆಗಿಟ್ಟುಕೊಳ್ಳಿ. ಅದಕ್ಕೆ ಫಾರ್ಮಿಕ್ ಕಾಣುತ್ತದೆ, ಗ್ಲಿಸರಾಲ್ ಕಾಣುವುದಿಲ್ಲ. ಯುವಿಯಲ್ಲೂ ಅಲ್ಲಿ ಪೀಕ್ ಇದ್ದರೆ ಕಾಲಂ ಬಿಸಿಯನ್ನು ಬದಲಿಸಿ ಬೇರ್ಪಡಿಸಲು ನೋಡಿ.

ಬೇಸ್‌ಲೈನ್ ಅಲೆಯುತ್ತಿದ್ದರೆ ಎಸಿಯ ಗಾಳಿ ಡಿಟೆಕ್ಟರಿಗೆ ನೇರ ಬಡಿಯುತ್ತಿದೆಯೇ ನೋಡಿ. ಆರ್‌ಐಗೆ ಶಾಖದ ಸಣ್ಣ ಏರುಪೇರೂ ತಿಳಿಯುತ್ತದೆ. ಕಾಲಂ ಒತ್ತಡ ದಿನೇ ದಿನೇ ಏರುತ್ತಿದ್ದರೆ ಮೀಡಿಯಂನ ಕ್ಯಾಲ್ಸಿಯಂ ಸಲ್ಫ್ಯೂರಿಕ್ ಆಮ್ಲದ ಜೊತೆ ಸೇರಿ ಜಿಪ್ಸಂ ಆಗಿ ಕೂರುತ್ತಿರಬಹುದು. ಸ್ಯಾಂಪಲನ್ನು ಮೊಬೈಲ್ ಫೇಸಿನಲ್ಲೇ, ಅಂದರೆ ಕಾಲಂನಲ್ಲಿ ಹರಿಯುವ ಆ ಆಮ್ಲದಲ್ಲೇ, ತೆಳು ಮಾಡಿ, ಹೊತ್ತು ಬಿಟ್ಟು, ಮತ್ತೆ ಸೆಂಟ್ರಿಫ್ಯೂಜ್ ಮಾಡಿ ಹಾಕಿ. ಗಾರ್ಡ್ ಕಾಲಂ ಇಲ್ಲದೆ ಬ್ರಾತ್ ಚುಚ್ಚಬೇಡಿ.

ಅಳತೆ ಸರಿ, ಲೆಕ್ಕ ಮಾತ್ರ ಹೊಂದುತ್ತಿಲ್ಲ

ಎಲ್ಲ ಪರೀಕ್ಷೆ ಪಾಸಾಗಿಯೂ ಒಟ್ಟು ಲೆಕ್ಕ ಹೊಂದದಿದ್ದರೆ ಕೋಶಗಳು ಹಿಡಿದ ಜಾಗ ನೆನಪಿಸಿಕೊಳ್ಳಿ. ಗ್ಲಿಸರಾಲ್ ಫೀಡ್ ಮುಗಿಯುವ ಹೊತ್ತಿಗೆ ಹಸಿ ತೂಕ ಲೀಟರಿಗೆ 200 ಗ್ರಾಂ ದಾಟಿರುತ್ತದೆ. ಬ್ರಾತಿನ ಐದನೇ ಒಂದು ಪಾಲು ಕೋಶವೇ. ನೀವು ಅಳೆದದ್ದು ತಿಳಿಯನ್ನು. 10 ಲೀಟರ್ ಬ್ರಾತಿನಲ್ಲಿ ತಿಳಿಯ ರೀಡಿಂಗ್ 5 ಗ್ರಾಂ ಇದ್ದರೆ ಉಳಿದ ಗ್ಲಿಸರಾಲ್ 50 ಗ್ರಾಂ ಅಲ್ಲ, 40 ಗ್ರಾಂ. ಇದರ ಜೊತೆಗೆ ಫೀಡ್ ಮತ್ತು ಅಮೋನಿಯಾದಿಂದ ಏರಿದ ಪ್ರಮಾಣ, ಗಾಳಿಯ ಜೊತೆ ಹಾರಿಹೋದ ನೀರು, ತೆಗೆದ ಸ್ಯಾಂಪಲುಗಳು, ಇವನ್ನೂ ಪ್ರತಿ ಸಲ ಕೂಡಿಸಿ ಕಳೆಯಿರಿ. ಫೀಡ್ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ. ಪಂಪಿನ ಟ್ಯೂಬ್ ಸವೆದಂತೆ ಹರಿವು ಬದಲಾಗುತ್ತದೆ, ಪರದೆಯ ಮೇಲಿನ ಮಿಲಿ ಲೆಕ್ಕಕ್ಕಿಂತ ತಕ್ಕಡಿಯ ಗ್ರಾಂ ಲೆಕ್ಕವೇ ಗಟ್ಟಿ.